ದಂಡಕ್ಕೆ ಕಟ್ಟಿದ ಬಾಸಿಂಗ

ಸೊನ್ನಲಿಗೆಯ ಸಿದ್ಧರಾಮ ತನ್ನ ವಚನಗಳ ಕೊನೆಗೆಲ್ಲ ಕಪಿಲಸಿದ್ಧಮಲ್ಲಿಕಾರ್ಜುನನನ್ನು ಕರೆದ, ಕಾಡಿದ, ಬೇಡಿದ. ಆದರೆ ಅವ್ವ ಸುಗ್ಗವ್ವೆ ಯಾವ ಹೊತ್ತಿಗೆ ಎದ್ದು ಮಜ್ಜಿಗೆ ಕಡೆಯುತ್ತಿದ್ದಳು, ಮಾತೇ ಆಡದೆ ದನ ಮೇಯಿಸಿಕೊಂಡಿದ್ದ ಈ ಮಗನನ್ನು ನೆನೆದು ಅಪ್ಪ ಮುದ್ದುಗೌಡ ಎಷ್ಟು ಇರುಳು ಕಣ್ಣು ಬಿಟ್ಟುಕೊಂಡೇ ಮಲಗಿದ್ದ, ಅದನ್ನೆಲ್ಲ ನಮಗೆ ಹೇಳಿಹೋಗಲಿಲ್ಲ. ಸಾವಿರಕ್ಕೂ ಮಿಕ್ಕಿ ವಚನ ಉಳಿದಿವೆ, ಮನೆಯೊಳಗಿನ ದೀಪ ಮಾತ್ರ ಕಾಣುವುದಿಲ್ಲ.

ಕಾಣದ ಆ ದೀಪದ ಬೆಳಕನ್ನು ಊಹಿಸಿಕೊಂಡು ಬಂದವರ ಸಾಲೇ ಇದೆ. ಹದಿಮೂರನೆಯ ಶತಮಾನದಲ್ಲಿ ಹಂಪೆಯ ರಾಘವಾಂಕ ಷಟ್ಪದಿಯಲ್ಲಿ ‘ಸಿದ್ಧರಾಮ ಚಾರಿತ್ರ’ ಬರೆದ. ಒಬ್ಬ ಕವಿ ಇನ್ನೊಬ್ಬ ಕವಿಯ ಬಾಲ್ಯದೊಳಗೆ ಬರಿಗಾಲಲ್ಲಿ ನಡೆದುಹೋದ ಹಾಗಿದೆ ಆ ಕಾವ್ಯ. ನಮ್ಮ ಕಾಲದಲ್ಲಿ ತಿಪ್ಪೇರುದ್ರಸ್ವಾಮಿಯವರು ಅಕ್ಕಮಹಾದೇವಿಯ ಒಳಬದುಕನ್ನು ‘ಕದಳಿಯ ಕರ್ಪೂರ’ವೆಂಬ ಕಾದಂಬರಿಯಾಗಿಸಿದರು. ಮಹಾತ್ಮರ ಖಾಸಗಿ ಬದುಕಿಗೆ ಕೈಹಾಕುವುದು ಸಲ್ಲದು ಎನ್ನುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಮಹತ್ವ ಮನೆಯೊಳಗೆ ಹೇಗೆ ಉಸಿರಾಡಿತೆಂದು ತಿಳಿಯುವ ಆಸೆಯಲ್ಲಿ ಭಕ್ತಿಯ ಪಾಲೂ ಇದೆ.

ಪುಷ್ಯದ ಚಳಿಯಲ್ಲಿ ಅಕ್ಕಲಕೋಟ ದಾಟಿ ಆಳಂದದ ಕಡೆ ಹೊರಟು ವಾಗದರಿಯ ಹೊಲಗಳ ನಡುವೆ ನಿಂತರೆ, ಎರೆಮಣ್ಣಿನ ತೇವದ ಮೇಲೆ ಆಳೆತ್ತರದ ಬಿಳಿಜೋಳ ತೆನೆ ಬಗ್ಗಿಸಿ ನಿಂತಿರುತ್ತದೆ. ಎಲ್ಲೋ ಒಂದು ಬದುವಿನಾಚೆ ಕುಳ್ಳಿನ ಕೆಂಡದಲ್ಲಿ ಸೀತನಿ ಸುಡುವ ವಾಸನೆ, ಎಳೆಗಾಳಿನ ಹಾಲು ಬಿಸಿಗೆ ಸಿಡಿಯುವ ಸದ್ದು, ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುವ ಮಾತು, ಮರಾಠಿಯಲ್ಲಿ ಶುರುವಾಗಿ ಕನ್ನಡದಲ್ಲಿ ನಗುವ ನಗು. ಸಿದ್ಧರಾಮನ ಬಾಲ್ಯದ ಆ ಕಥೆ ನಡೆದದ್ದೂ ಇಂಥದೇ ಒಂದು ಹೊಲದಲ್ಲಿ. ಮಲ್ಲಯ್ಯನೆಂಬ ಮುದುಕ ಜಂಗಮನೊಬ್ಬ ಬಂದು ಹಸಿವು ಅಂದ. ಹುಡುಗ ಎಳೆತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ಕೊಟ್ಟ. ಕಾವ್ಯದಲ್ಲಿ ಅದು ನವಣೆ, ಈ ಕಡೆಯವರ ಬಾಯಲ್ಲಿ ಜೋಳ. ತಿಂದವನು ಒಡಲು ಉರಿಯುತ್ತಿದೆ, ಮಜ್ಜಿಗೆಯ ತಂಪು ಬೇಕು ಅಂದ. ಹುಡುಗ ಮನೆಗೆ ಓಡಿ ತರುವಷ್ಟರಲ್ಲಿ ಮಲ್ಲಯ್ಯ ಅಲ್ಲಿರಲಿಲ್ಲ.

ಮಲ್ಲಯ್ಯಾ, ಮಲ್ಲಯ್ಯಾ ಎಂದು ಕೂಗುತ್ತ ಆ ಮಗು ಶ್ರೀಶೈಲದ ಜಾಡು ಹಿಡಿದು ಹೋದದ್ದು, ಕೊನೆಗೆ ಕಮರಿಗೆ ಹಾರಹೊರಟಾಗ ಶಿವನೇ ಕೈಹಿಡಿದದ್ದು, ಅವೆಲ್ಲ ಪವಾಡದ ಪುಟಗಳು. ನನ್ನ ಮನಸ್ಸು ಅಷ್ಟು ದೂರ ಹೋಗದೆ ಆ ಮಜ್ಜಿಗೆಯ ಗಡಿಗೆಯ ಹತ್ತಿರವೇ ನಿಂತುಬಿಡುತ್ತದೆ. ಅದನ್ನು ಹೊತ್ತು ಓಡುವಾಗ ಎಷ್ಟು ತುಳುಕಿತೋ, ಅವ್ವ ಯಾರಿಗೆ ಎಂದು ಕೇಳಿದಳೋ, ಮಾತಾಡದ ಮಗ ಅಂದು ಮೊದಲ ಸಲ ಬಾಯಿ ಬಿಟ್ಟಾಗ ಅವಳ ಕೈಯ ಕಡಗೋಲು ಎಷ್ಟು ಹೊತ್ತು ಹಾಗೆಯೇ ನಿಂತಿತೋ! ದೇವರಿಗೂ ಹೊಟ್ಟೆಯುರಿ ಬಂದೀತು, ಅದಕ್ಕೂ ಮಜ್ಜಿಗೆಯೇ ಮದ್ದಾದೀತು ಎಂದು ನಂಬಿದ ನಾಡಿನಲ್ಲಿ ಅಡುಗೆಮನೆಗೂ ಗರ್ಭಗುಡಿಗೂ ನಡುವೆ ಹೊಸ್ತಿಲು ಎಲ್ಲಿದೆಯೆಂದು ನಾನು ಹುಡುಕಲಾರೆ.

ಅಂದಿನ ಸೊನ್ನಲಿಗೆಯಾದ ಸೊಲ್ಲಾಪುರದಲ್ಲೇ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡದ ಅಕ್ಷರಗಳನ್ನು ಆಮೇಲೆ ತಾವಾಗಿ ಕೂಡಿಸಿಕೊಂಡು, ಸಾವಿರಾರು ತ್ರಿಪದಿಗಳಲ್ಲಿ ಸಿದ್ಧರಾಮನ ಪುರಾಣ ಬರೆದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠದಲ್ಲಿ ಕುಳಿತ ಮೊದಲ ಹೆಂಗಸು. ಪುರಾಣಕ್ಕೆ ಅವರು ಆರಿಸಿದ ಛಂದಸ್ಸು ಬೀಸುಕಲ್ಲಿನದು. ನಸುಕಿನಲ್ಲಿ ಗೂಟ ಹಿಡಿದು ತಿರುಗಿಸುವ ಹೆಂಗಸರ ಉಸಿರಿಗೆ ಅಳೆದು ಮಾಡಿದಂಥ ಮೂರು ಸಾಲು, ಕಲ್ಲಿನ ಬಾಯಿಂದ ಬೆಚ್ಚಗೆ ಉದುರುವ ಹಿಟ್ಟು, ಹಿಟ್ಟಿನ ಹಾಗೆಯೇ ಉದುರುತ್ತ ಹೋಗುವ ಒಬ್ಬ ಶರಣನ ಬದುಕು. ಕೆರೆ ತೋಡಿದವನ ಕಥೆಗೆ ದುಡಿಮೆಯ ಲಯವೇ ಒಪ್ಪುತ್ತದೆ. ಅವನನ್ನು ಅಲ್ಲಮ ಒಡ್ಡನೆಂದು ಕರೆದು ಕೆಣಕಿದನೆಂದು ಶೂನ್ಯಸಂಪಾದನೆ ಹೇಳುತ್ತದಲ್ಲ, ಆ ಗುದ್ದಲಿಯ ಗುರುತು ಇಂದಿಗೂ ಸೊಲ್ಲಾಪುರದ ನಡುವೆ ನೀರಾಗಿ ನಿಂತಿದೆ, ಅದರ ಮಧ್ಯೆ ಗುಡಿ.

ಆದರೆ ಈ ಬದುಕನ್ನು ಎಲ್ಲರಿಗಿಂತ ಧೈರ್ಯವಾಗಿ ಊಹಿಸಿದ್ದು ಊರೇ. ಸಿದ್ಧರಾಮನ ಅಂಗಳವನ್ನು ದಿನವೂ ಸಾರಿಸಿ ರಂಗೋಲಿ ಹಾಕುತ್ತಿದ್ದ ಕುಂಬಾರರ ಹುಡುಗಿಯೊಬ್ಬಳು ಅವನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಳಂತೆ. ಯೋಗಿ ಒಲ್ಲೆನೆಂದ, ಕೊನೆಗೆ ತನ್ನ ಯೋಗದಂಡವನ್ನು ಕೊಟ್ಟು ಇದನ್ನು ವರಿಸು ಅಂದನಂತೆ. ಪ್ರತಿ ಸಂಕ್ರಾಂತಿಗೆ ಸೊಲ್ಲಾಪುರದ ಗಡ್ಡಾ ಜಾತ್ರೆಯಲ್ಲಿ ಆ ಮದುವೆ ಮತ್ತೆ ಆಗುತ್ತದೆ. ಮೊದಲ ದಿನ ಅವನು ನೆಲೆಗೊಳಿಸಿದ ಅರವತ್ತೆಂಟು ಲಿಂಗಗಳಿಗೆ ಎಣ್ಣೆಯ ಮಜ್ಜನ, ಮರುದಿನ ಆ ದಂಡದ ಹೆಸರಲ್ಲಿ ಬಾಸಿಂಗ ಕಟ್ಟಿಕೊಂಡ ಏಳು ಬಿದಿರಿನ ನಂದಿಧ್ವಜಗಳು ಆಕಾಶಕ್ಕೆ ತಲೆಯೆತ್ತಿ ತೂಗುತ್ತ ಬರುತ್ತವೆ, ಕೆರೆಯ ಪಕ್ಕದ ಸಮ್ಮತಿ ಕಟ್ಟೆಯ ಬಳಿ ಸಮ್ಮತಿ ಓದುತ್ತಾರೆ, ವಾಗದರಿಯಂಥ ಊರುಗಳಿಂದ ಬಸ್ಸು ಹಿಡಿದು ಬಂದವರ ಬೊಗಸೆಗಳಿಂದ ಅಕ್ಷತೆ ಒಮ್ಮೆಲೇ ಮೇಲೇಳುತ್ತದೆ. ಬಿದಿರಿಗೆ ಮದುವೆ ಮಾಡಿ ಕಣ್ಣೊದ್ದೆ ಮಾಡಿಕೊಳ್ಳುವ ಆ ಜನವನ್ನು ಕಂಡರೆ, ಕಾದಂಬರಿಕಾರರು ನೂರಾರು ಪುಟಗಳಲ್ಲಿ ಬೇಡುವ ನಂಬಿಕೆಯನ್ನು ಇವರು ಒಂದು ಹಿಡಿ ಅಕ್ಕಿಯಲ್ಲಿ ಕೊಟ್ಟುಬಿಟ್ಟರಲ್ಲ ಅನ್ನಿಸುತ್ತದೆ.

ಮದುವೆಯ ಮರುದಿನ ಹೋಮ. ಆ ಹುಡುಗಿ ಬೆಂಕಿಗೆ ಸಂದಳೆಂದು ನಂಬಿಕೆ. ಕುಂಬಾರ ಕನ್ಯೆ ಎಂದಷ್ಟೇ ಅವಳನ್ನು ಕರೆಯುತ್ತಾರೆ. ದಂಡದ ಪಕ್ಕ ನಿಂತಾಗ ಅವಳ ಉಗುರಿನ ಸಂದಿಯಲ್ಲಿ ತಿಗರಿಯ ಮಣ್ಣು ಉಳಿದಿತ್ತೋ, ಗೆದ್ದೆನೆಂದುಕೊಂಡಳೋ, ಸೋತೆನೆಂದುಕೊಂಡಳೋ? ಸಿದ್ಧರಾಮನ ಮೇಲೆ ಯಾರಾದರೂ ಕಾದಂಬರಿ ಬರೆಯುವುದಾದರೆ ಅವಳ ಅಂಗಳದಿಂದ ಶುರುಮಾಡಲಿ ಎಂದು ನನ್ನಾಸೆ. ಅದೂ ಬೆಂಗಳೂರಿನ ಇಸ್ತ್ರಿ ಮಾಡಿದ ಕನ್ನಡದಲ್ಲಿ ಬೇಡ, ವಾಗದರಿಯ ಕಟ್ಟೆಯ ಮೇಲಿನ, ಅರ್ಧ ಮರಾಠಿ ಬೆರೆತ, ಅವಳಿಗೂ ಓದಿ ಹೇಳಬಹುದಾದ ಕನ್ನಡದಲ್ಲಿ.