ಬೇರು, ಮಂತ್ರ ಮತ್ತು ಪರರ ಮನಸ್ಸು

ಗಿಡಮೂಲಿಕೆಗಳ ಗುಣವನ್ನು ಅರಿಯಹೊರಟವನು ವೈದ್ಯದಿಂದ ಮಾಟಮಂತ್ರದ ಕಡೆಗೆ ಹೊರಳುವುದು ಹೊಸತಲ್ಲ. ಇದನ್ನು ಅನ್ಯರ ಮೌಢ್ಯವೆಂದು ಹೇಳಿ ಜಾರಿಕೊಳ್ಳುವಂತೆಯೂ ಇಲ್ಲ. ಕ್ರಿ.ಶ. 1047ರಲ್ಲಿ ಮುಳುಗುಂದದಲ್ಲಿ ಮಹಾಪುರಾಣವನ್ನು ಮುಗಿಸಿದ ಮಲ್ಲಿಷೇಣರೇ ಭೈರವಪದ್ಮಾವತೀಕಲ್ಪವನ್ನೂ ರಚಿಸಿದರು. ಅದರ 10 ಪರಿಚ್ಛೇದಗಳಲ್ಲಿ ಒಂಬತ್ತನೆಯದು ವಶ್ಯೌಷಧಗಳಿಗೆ, ಕೊನೆಯದು ವಿಷಹಾರಿಯಾದ ಗಾರುಡಕ್ಕೆ ಮೀಸಲು. ಮೊದಲನೆಯದಾದರೋ ಮಂತ್ರಿಯಾಗುವವನ ಲಕ್ಷಣವನ್ನು ಹೇಳುತ್ತದೆ. ಹೊಸಬನು ಸಾಮಾನ್ಯವಾಗಿ ಅದನ್ನು ದಾಟಿ ಒಂಬತ್ತನೆಯದಕ್ಕೇ ಓಡುತ್ತಾನೆ!

ಗಾರುಡವನ್ನೂ ವಶ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಹಾವು ಕಚ್ಚಿದವನು ಬದುಕಲು ಬಯಸುತ್ತಾನೆ. ಚಿಕಿತ್ಸಕನ ಬಯಕೆಯೂ ಅದೇ. (ಇಂದು ಅವನನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು, ಬೇರು ತೇಯುತ್ತ ಕೂರುವುದು ಪ್ರಾಣಕ್ಕೆ ಎರವು.) ವಶ್ಯದಲ್ಲಿ ಒಬ್ಬನ ಇಚ್ಛೆ ಇನ್ನೊಬ್ಬನ ಇಚ್ಛೆಯನ್ನು ಅವನಿಗೆ ತಿಳಿಯದಂತೆ ಅಪಹರಿಸಬಯಸುತ್ತದೆ. ಮದ್ದು ಫಲಿಸದಿದ್ದರೂ ಪ್ರಯೋಗಿಸಿದವನಲ್ಲಿ ಭಾವಹಿಂಸೆ ಆಗಿಯೇ ಹೋಯಿತು.

ಕುಡುಕ ಗಂಡನನ್ನು ತಿದ್ದಲೆಂದು ಊಟದಲ್ಲಿ ಬೇರಿನ ಪುಡಿ ಬೆರೆಸುವ ಗೃಹಿಣಿಯ ವಿಷಯವೇನು? ಪ್ರಶ್ನೆ ಕಠಿಣವಾಗುವುದು ಇಲ್ಲಿ. ಆಕೆಗೆ ದ್ವೇಷವಿಲ್ಲ, ಮಕ್ಕಳ ಹಸಿವು ಆಕೆಯನ್ನು ಅಲ್ಲಿಗೆ ತಂದಿದೆ. ಆದರೂ ಉಮ್ಮತ್ತಿಯಂಥ ಗಿಡ ಬುದ್ಧಿಭ್ರಮಣೆಯನ್ನೂ ಮರಣವನ್ನೂ ತರಬಲ್ಲುದು. ಅಪಾಯವಿಲ್ಲದ ಬೇರೇ ಆಯಿತೆನ್ನೋಣ. ಗುಟ್ಟಾಗಿ ಬಿಡಿಸಿದ ಕುಡಿತ ಅವನ ಪ್ರತ್ಯಾಖ್ಯಾನವಾಗದು, ಏಕೆಂದರೆ ತಾನು ಏನನ್ನು ಬಿಟ್ಟೆನೆಂಬುದೇ ಅವನಿಗೆ ತಿಳಿಯದು. ಅವನನ್ನು ಒಪ್ಪಿಸಿ ವೈದ್ಯರಲ್ಲಿಗೆ ಕರೆದೊಯ್ಯುವುದರಲ್ಲಿ ಈ ದೋಷವಿಲ್ಲ. ಅವನು ಒಪ್ಪುವ ದಿನದವರೆಗೆ ಆಕೆ ಆ ಮನೆಯಲ್ಲೇ ಕಾಯಬೇಕೆಂಬುದೂ ಅಷ್ಟೇ ನಿಜ.