ಹೊಸ್ತಿಲು ಯಾರಿಗಾಗಿ?

ಬಾಗಿಲು ಕಾಯುವವರಿಗೆ ಒಳಗಿನವರನ್ನು ಇಣುಕಿ ನೋಡುವ ಹಕ್ಕೂ ತಾನಾಗಿ ಬರುತ್ತದೆಯೇ? ಮನೆಯ ಹಿರಿಯರಾದ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಕಡಿಮೆ. ನೋಡದೆ ಕಾಯುವುದು ಹೇಗೆ ಎಂದು ಸುಮ್ಮನಾಗುತ್ತೇವೆ. ನನ್ನನ್ನು ಈ ಯೋಚನೆಗೆ ಹಚ್ಚಿದ್ದು ದಾಂಡೇಲಿಯ ನಮ್ಮ ಮನೆಯ ಮೂಲೆಯಲ್ಲಿದ್ದ ಒಂದು ಹಳೆಯ ಕಂಪ್ಯೂಟರ್.

ಮಗಳು ಅದಕ್ಕೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಕೂಡಿಸಿ ಫೈರ್‌ವಾಲ್ ಮಾಡಲು ಕುಳಿತಳು. ಫೈರ್‌ವಾಲ್ ಎಂದರೆ ಕಟ್ಟಡಗಳಲ್ಲಿ ಬೆಂಕಿ ಹರಡದಂತೆ ಕಟ್ಟುವ ಗೋಡೆ. ಮನೆಯ ಇಂಟರ್ನೆಟ್ಟಿನ ಬಾಗಿಲು ಕಾಯುವ ಯಂತ್ರಕ್ಕೂ ಈಗ ಅದೇ ಹೆಸರು. 2004ರಲ್ಲಿ ಶುರುವಾದ ಪಿಎಫ್‌ಸೆನ್ಸ್, 2015ರಲ್ಲಿ ಅದರಿಂದ ಕವಲೊಡೆದ ಓಪಿಎನ್‌ಸೆನ್ಸ್ ಮುಂತಾದ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಅಂಥದೊಂದನ್ನು ಪೆನ್‌ಡ್ರೈವಿನಿಂದ ಹಾಕಿದ್ದಾಯಿತು. ಎಲ್ಲವೂ ಸರಿಯಾಗಿದೆ ಎಂದು ಪರದೆ ಹೇಳಿತು. ಆದರೆ ಮನೆಯಲ್ಲಿ ಯಾರಿಗೂ ಇಂಟರ್ನೆಟ್ ಇಲ್ಲ! ತಂತಿ ಬದಲಿಸಿದೆವು, ಕಾರ್ಡುಗಳನ್ನು ಅದಲುಬದಲು ಮಾಡಿದೆವು, ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕಿದೆವು. ಎರಡನೆಯ ದಿನ ಸಂಜೆ ಮಗಳು, "ಅವ್ವಾ, ಒಳಗೂ ಹೊರಗೂ ಒಂದ ನಂಬರ ಐತಿ ನೋಡ" ಎಂದಳು.

ಹೊರಗಿನ ಮೋಡೆಮ್ಮಿನ ವಿಳಾಸ 192.168.1.1. ಹೊಸ ಕಾವಲುಗಾರ ತನಗೆ ಇಟ್ಟುಕೊಂಡದ್ದೂ ಅದೇ. ಈ ಅಂಕೆಗಳು ಮನೆ, ಕಚೇರಿಗಳ ಒಳಬಳಕೆಗೆಂದೇ ಮೀಸಲಾದವು. ಸಾವಿರಾರು ಮನೆಗಳಲ್ಲಿ ಇದ್ದರೂ ತೊಂದರೆಯಿಲ್ಲ. ಆದರೆ ಒಂದೇ ಮನೆಯಲ್ಲಿ ಇಬ್ಬರು ಯಲ್ಲವ್ವ ಇದ್ದರೆ ಕರೆದಾಗ ಯಾರು ಓಗೊಡಬೇಕು? ಒಳಗು ಯಾವುದು, ಹೊರಗು ಯಾವುದು ಎಂಬುದೇ ಪಾಪ ಆ ಯಂತ್ರಕ್ಕೆ ತಿಳಿಯದಾಗಿತ್ತು. ಒಳಗಿನ ವಿಳಾಸವನ್ನು 192.168.10.1 ಎಂದು ಬದಲಿಸಿ, ತಂತಿ ಕಿತ್ತು ಮತ್ತೆ ಚುಚ್ಚಿದಾಗ ಎಲ್ಲ ಸರಿಹೋಯಿತು.

ಆಮೇಲೆ ಮಗಳು ಅದರ ನಿಯಮಗಳನ್ನು ವಿವರಿಸಿದಳು. ಒಳಗಿನವರು ಹೊರಗೆ ಹೋಗುವುದಕ್ಕೆ ತಡೆಯಿಲ್ಲ. ಅವರು ಕೇಳಿದ್ದಕ್ಕೆ ಬಂದ ಉತ್ತರ ಒಳಗೆ ಬರಬಹುದು. ಕರೆಯದೆ ಬಂದದ್ದು ಮಾತ್ರ ಹೊಸ್ತಿಲಲ್ಲೇ ನಿಲ್ಲಬೇಕು. ಕೇಳಿ ನನಗೆ ನಗು ಬಂತು. ನಮ್ಮ ಮನೆಗಳಲ್ಲಿ ಇದು ಪೂರಾ ತಿರುಗುಮುರುಗು ಅಲ್ಲವೇ? ಕರೆಯದೆ ಬಂದ ನೆಂಟರ ಬುದ್ಧಿಮಾತು ಅಡುಗೆಮನೆಯವರೆಗೂ ಬರುತ್ತದೆ. ಮಗಳು ಹೊರಗೆ ಹೊರಟರೆ ಮಾತ್ರ ನೂರೆಂಟು ಪ್ರಶ್ನೆ.

ಈ ಯಂತ್ರ ತಾನು ತಡೆದದ್ದನ್ನು ತಾನಾಗಿ ಬರೆದಿಡುತ್ತದೆ. ಯಾರು ಯಾವ ಹೊತ್ತಿನಲ್ಲಿ ಎತ್ತ ಹೋದರು ಎಂಬುದನ್ನೂ ಬರೆ ಎಂದು ನಾವು ಹೇಳಿದರೆ ಅದನ್ನೂ ಬರೆಯಬಲ್ಲದು. ಜೋಯಿಡಾದಲ್ಲಿರುವ ನನ್ನ ಮೈದುನನಿಗೆ ಇದು ಹೇಗೋ ತಿಳಿಯಿತು. ಅವನ ಮಗಳು ಕಾಲೇಜಿಗೆಂದು ನಮ್ಮಲ್ಲಿದ್ದಾಳೆ. "ವೈನಿ, ಆಕಿ ಏನೇನ ನೋಡ್ತಾಳ ಅಂತ ಸ್ವಲ್ಪ ನೋಡಕೋಂತ ಇರ್ರಿ" ಎಂದ. ಅವನ ಅಂಜಿಕೆ ಸುಳ್ಳಲ್ಲ. ಸಿಗ್ನಲ್ಲೇ ನೆಟ್ಟಗೆ ಸಿಗದ ಕಾಡಿನ ಊರಿನಿಂದ ಬಂದ ಹುಡುಗಿ. ದಿನಾ ಒಂದೊಂದು ಮೋಸದ ಸುದ್ದಿ ಓದುವ ತಂದೆ.

ಆದರೂ ನನಗೆ ನನ್ನ ತವರು ಹಳಿಯಾಳ ನೆನಪಾಯಿತು. ಗೆಳತಿ ಬರೆದ ಇನ್‌ಲ್ಯಾಂಡ್ ಪತ್ರ ನನ್ನ ಕೈಗೆ ಬರುತ್ತಿದ್ದುದು ಒಡೆದೇ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇರುತ್ತಿರಲಿಲ್ಲ. ಆದರೆ ಒಡೆದ ಪತ್ರ ಕಂಡು ಕಂಡು ಗೆಳತಿ ಬರೆಯುವುದನ್ನು ಕಡಿಮೆ ಮಾಡಿದಳು, ನಾನು ಮನೆಯಲ್ಲಿ ಹೇಳುವುದನ್ನು ಕಡಿಮೆ ಮಾಡಿದೆ. ಕಾಯಲು ಹೋದವರಿಗೆ ಕೊನೆಗೆ ನನ್ನ ವಿಷಯ ಗೊತ್ತಾದದ್ದು ಮೊದಲಿಗಿಂತ ಕಡಿಮೆಯೇ.

ಗೋಡೆಯೊಂದೇ ಸಾಲದು ಎಂಬುದಕ್ಕೆ ದೊಡ್ಡ ಉದಾಹರಣೆಯೇ ಇದೆ. ನಮ್ಮ ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ನರು ನೆಲೆಸಿದ್ದಾರೆ. ಅವರ ಗುರು ದಲೈ ಲಾಮಾ ಅವರ ಧರ್ಮಶಾಲೆಯ ಕಚೇರಿಯ ಕಂಪ್ಯೂಟರುಗಳಿಗೆ ಗೂಢಚಾರ ತಂತ್ರಾಂಶ ಹೊಕ್ಕಿದ್ದು 2009ರಲ್ಲಿ ಬಯಲಾಯಿತು. ಕೆನಡಾದ ಸಂಶೋಧಕರು ಲೆಕ್ಕ ಹಾಕಿದಾಗ ಆ ಜಾಲ 103 ದೇಶಗಳ 1,295 ಕಂಪ್ಯೂಟರುಗಳಿಗೆ ಹಬ್ಬಿತ್ತು. ಪರಿಚಿತರ ಪತ್ರದಂತೆ ಕಾಣುವ ಮಿಂಚಂಚೆಯ ಜೊತೆಗಿದ್ದ ಕಡತವನ್ನು ಒಳಗಿನವರೇ ನಂಬಿ ತೆರೆದಿದ್ದರು. ಅಂಥ ಹೊತ್ತಿನಲ್ಲಿ ಬೇಕಾದದ್ದು ತೆರೆಯುವ ಮುನ್ನ ಒಂದು ಗಳಿಗೆ ತಡೆದು ಯೋಚಿಸುವ ಬುದ್ಧಿ, ಸಂಶಯ ಬಂದರೆ ಅಂಜದೆ ಕೇಳಬಹುದಾದ ಒಬ್ಬರು.

ಮೈದುನನಿಗೆ "ಬಾಗಲಾ ಕಾಯ್ತೀನಪ್ಪಾ, ಆಕಿ ಪತ್ರಾ ಒಡಿಯೂದಿಲ್ಲ" ಎಂದೆ. ಅವನಿಗೆ ಬೇಸರವಾಗಿ ಹದಿನೈದು ದಿನ ಫೋನ್ ಮಾಡಲಿಲ್ಲ. ಹುಡುಗಿಗೂ ಯಂತ್ರವನ್ನು ತೋರಿಸಿ, ಅದು ಏನು ಬರೆಯಬಲ್ಲದು, ನಾವು ಏನನ್ನು ಬರೆಸುತ್ತಿಲ್ಲ ಎಂದು ಹೇಳಿದೆ. "ಖರೇನ ದೊಡ್ಡವ್ವಾ?" ಎಂದು ಎರಡು ಸಲ ಕೇಳಿದಳು. ಹಾಗೆ ಕೇಳಬೇಕಾಗಿ ಬಂದದ್ದೇ ನನಗೆ ನೋವಾಯಿತು. ಹಣದ ಮೋಸವಾದರೆ 1930ಕ್ಕೆ ಕರೆ ಮಾಡಬೇಕು, ಏನೇ ಆದರೂ ಮೊದಲು ನನ್ನ ಹತ್ತಿರ ಬರಬೇಕು, ಬೈಯುವುದಿಲ್ಲ ಎಂದೂ ಹೇಳಿಟ್ಟಿದ್ದೇನೆ.

ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಮೈದುನ ಕೇಳುವುದು ನನ್ನನ್ನೇ. ಆ ಅಂಜಿಕೆ ನನಗಿಲ್ಲವೆನ್ನಲಾರೆ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲ ಯಾರಿಗೆ ದೂರು ಹೇಳಬೇಕು? ಮನೆಯಲ್ಲಿ ಕಾವಲಿರಲಿ, ಬೇಕಾದರೆ ದಾಖಲೆಯೂ ಇರಲಿ. ಯಾರ ಬಗ್ಗೆ ಬರೆದಿಡುತ್ತೇವೋ ಅವರಿಗೆ ಅದು ತಿಳಿದಿರಲಿ. ಇಷ್ಟನ್ನಾದರೂ ನಮ್ಮ ಹೆಣ್ಣುಮಕ್ಕಳಿಗೆ ನಾವು ಕೊಡಬೇಕೆಂದು ನನಗನಿಸುತ್ತದೆ.