ಕೇಳಿ ತಂದ ಗೆಲ್ಲಿನ ಋಣ

ಹಿತ್ತಿಲಲ್ಲಿ ಗಿಡ ಬೆಳೆಸಲು ಹಣ ಬೇಕೆಂಬ ಭಾವನೆ ನಮ್ಮ ಕಾಸರಗೋಡಿನ ಕಡೆಗೆ ಬಂದು ಬಹಳ ಕಾಲವಾಗಿಲ್ಲ. ಬಸಳೆಯ ದಂಟು, ನುಗ್ಗೆಯ ಗೆಲ್ಲು, ಬಾಳೆಯ ಕಂದು, ದಾಸವಾಳದ ಕಡ್ಡಿ, ಕರಿಬೇವಿನ ಬೇರಿನಿಂದೆದ್ದ ಮರಿ, ಸುವರ್ಣಗಡ್ಡೆಯ ಒಂದು ಹೋಳು, ಇವೆಲ್ಲ ಮನೆಯಿಂದ ಮನೆಗೆ ನಡೆದು ಬಂದವೇ ಹೊರತು ಅಂಗಡಿಯಿಂದ ಬಂದವಲ್ಲ. ಚಕ್ರಮುನಿಯನ್ನೇ ನೋಡಿ. ನೆರೆಯ ಮಲಯಾಳಿಗಳು ಅದನ್ನು ಚೆಕ್ಕುರ್ಮಾನಿಸ್ ಎನ್ನುತ್ತಾರೆ. ಅದು ಮಲಯ ಭಾಷೆಯ ಹೆಸರು. ಸಮುದ್ರದಾಚೆಯಿಂದ ಬಂದ ಸೊಪ್ಪು ಕಡ್ಡಿಯಿಂದ ಕಡ್ಡಿಗೆ, ಬೇಲಿಯಿಂದ ಬೇಲಿಗೆ ಹಬ್ಬುತ್ತ ಎರಡು ಭಾಷೆಗಳಲ್ಲಿ ಎರಡು ಹೆಸರು ಹೊತ್ತು ನಿಂತಿದೆ. 1956ರಲ್ಲಿ ಎಳೆದ ಗೆರೆ ಅದರ ಓಡಾಟವನ್ನೇನೂ ತಡೆಯಲಿಲ್ಲ.

ಆದುದರಿಂದ ದುಡ್ಡಿಲ್ಲದೆ ಗಿಡ ಪಡೆಯುವುದು ಹೇಗೆಂದು ಈ ನೆಲದವರಿಗೆ ಕಲಿಸಬೇಕಾಗಿಲ್ಲ. ನಾವು ವಿಚಾರಿಸಬೇಕಾದುದು ಬೇರೊಂದನ್ನು. ಬೆಲೆ ತೆರದೆ ತಂದ ಗಿಡಕ್ಕೆ ನಾವು ಏನನ್ನಾದರೂ ತೆರಬೇಕಾದುದುಂಟೆ? ಉಂಟಾದರೆ ಯಾರಿಗೆ?

ಕದ್ದು ತಂದ ಗಿಡ ಚೆನ್ನಾಗಿ ಚಿಗುರುತ್ತದೆ ಎಂಬ ಮಾತೊಂದಿದೆ. ಮನಿಪ್ಲಾಂಟಿನ ವಿಷಯದಲ್ಲಂತೂ ಅದು ಶಾಸ್ತ್ರವೇ ಆಗಿಬಿಟ್ಟಿದೆ. ಸಜ್ಜನರೆನಿಸಿದವರು, ಒಂದು ಮಾವಿನಕಾಯಿಯನ್ನೂ ಕೇಳದೆ ಮುಟ್ಟದವರು, ಮುಸ್ಸಂಜೆಯಲ್ಲಿ ಪರರ ಅಂಗಳದ ಕುಂಡಕ್ಕೆ ಕೈಹಾಕುವುದುಂಟು. ಅವರ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಪುಸ್ತಕ ಕದ್ದರೆ ಒಡೆಯನ ಬಳಿ ಪುಸ್ತಕ ಉಳಿಯದು. ಆದರೆ ತುದಿ ಮುರಿದ ದಾಸವಾಳದಲ್ಲಿ ಆ ಗಾಯದ ಕೆಳಗೇ ಒಂದರ ಬದಲು ಎರಡು ಚಿಗುರೊಡೆಯುತ್ತವೆ. ಒಡೆಯನಿಗೆ ನಷ್ಟವೇ ಇಲ್ಲದ ಮೇಲೆ ಕಳವು ಯಾವುದು?

ಕಳವಾದುದು ಗೆಲ್ಲಲ್ಲ, ಗೆಲ್ಲಿನ ವಿಳಾಸ ಎಂದು ನಮಗೆ ತೋರುತ್ತದೆ. ಮಳೆಗಾಲದಲ್ಲಿ ನೀರು ನಿಂತು ಬಸಳೆಯ ಬುಡ ಕೊಳೆಯುತ್ತದೆ. ಬೇಸಗೆಯಲ್ಲಿ ಬಾವಿ ಬತ್ತಿ ಮಲ್ಲಿಗೆ ಒಣಗುತ್ತದೆ. ಆಡು ನುಗ್ಗಿ ಉಳಿದುದನ್ನು ಮುಗಿಸುತ್ತದೆ. ಆಗ ಮನೆಯೊಡತಿ ಎಲ್ಲಿಗೆ ಹೋಗುತ್ತಾಳೆ? ಹಿಂದೆ ತಾನು ಯಾರಿಗೆ ಕೊಟ್ಟಿದ್ದಳೋ ಅವರ ಮನೆಗೆ. ಕೊಟ್ಟ ಗಿಡ ಅವಳ ಪಾಲಿಗೆ ಬ್ಯಾಂಕಿನಲ್ಲಿಟ್ಟ ಠೇವಣಿ. ಹತ್ತು ಮನೆಗೆ ಕೊಟ್ಟವಳ ತಳಿ ಹತ್ತು ಕಡೆ ಸುರಕ್ಷಿತ. ಕದ್ದವನ ಅಂಗಳದಲ್ಲಿ ಅದೇ ಗಿಡ ಮೈದುಂಬಿ ನಿಂತಿದ್ದರೂ ಅವಳಿಗೆ ತಿಳಿಯದು. ತಿಳಿದರೂ ಅವನು ಬಾಯಿಬಿಡಲಾರ. ಕೇಳಿ ತಂದವನು ಮಾತ್ರ ಮರಳಿಸಬಲ್ಲ, ಮುಂದಕ್ಕೂ ಕೊಡಬಲ್ಲ. ಅವನು ತೆರಬೇಕಾದುದು ಅದನ್ನೇ: ಗಿಡವನ್ನು ಉಳಿಸಿಕೊಳ್ಳುವುದು, ಮತ್ತು ಬಾಗಿಲಿಗೆ ಬಂದವರಿಗೆ ಇಲ್ಲವೆನ್ನದಿರುವುದು.

ಬೀಜದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ನಮ್ಮ ಜಿಲ್ಲೆಯ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಸಣ್ಣ ಚೀಲಗಳಲ್ಲಿ ಬೆಳೆದು ಉಳಿಸಿದ್ದಾರೆ, ರಾಜಕಯಮೆಯಂಥ ತಳಿಯನ್ನು ಮೂರು ರಾಜ್ಯಗಳ ರೈತರಿಗೆ ತಲಪಿಸಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮೆಲ್ಲರಿಗೂ ಸಂತೋಷವಾಯಿತು. ಆದರೆ ಆ ಕೆಲಸದ ಒಳಗುಟ್ಟನ್ನು ಗಮನಿಸಬೇಕು. ನಮ್ಮ ಕರಾವಳಿಯ ತೇವದಲ್ಲಿ ಭತ್ತದ ಬೀಜ ಬಹುಕಾಲ ಜೀವ ಹಿಡಿದಿರದು. ಮುಡಿ ಕಟ್ಟಿ ಅಟ್ಟದಲ್ಲಿಟ್ಟರೆ ಕೆಲವೇ ವರ್ಷಗಳಲ್ಲಿ ಅದು ಬರಿಯ ಅಕ್ಕಿ. ಚಿನ್ನವನ್ನು ಹೂಳಿಡಬಹುದು, ಬೀಜವನ್ನು ಹೂಳಿದರೆ ಮೊಳೆಯುತ್ತದೆ ಅಥವಾ ಸಾಯುತ್ತದೆ. ಮತ್ತೆ ಮತ್ತೆ ಬಿತ್ತುವುದು, ಬಿತ್ತುವ ಕೈಗಳನ್ನು ಹೆಚ್ಚಿಸುವುದು, ಇದಲ್ಲದೆ ಅದನ್ನು ಕಾಯುವ ಬೇರೆ ಉಪಾಯವಿಲ್ಲ. ನಮ್ಮ ದೇಶದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯೂ ಇದನ್ನು ಮನಗಂಡಿದೆ. ನೋಂದಾಯಿತ ತಳಿಯ ಬೀಜವನ್ನಾದರೂ ರೈತ ಉಳಿಸಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಲೂಬಹುದು. ಬ್ರಾಂಡಿನ ಹೆಸರು ಹಾಕಿ ಮಾತ್ರ ಮಾರಬಾರದು.

ಕೊಟ್ಟರೆ ನಮ್ಮದು ಹೋದೀತೆಂಬ ಭಯವೂ ಹಳೆಯದೇ. ಪರಂಗಿಯವರು ಕಾಳುಮೆಣಸಿನ ಬಳ್ಳಿಯನ್ನು ಒಯ್ಯುತ್ತಿದ್ದಾರೆಂದು ಪ್ರಜೆಗಳು ದೂರಿದಾಗ, ಬಳ್ಳಿಯನ್ನು ಒಯ್ಯಲಿ, ನಮ್ಮ ತಿರುವಾದಿರ ಮಳೆಯನ್ನು ಒಯ್ಯಬಲ್ಲರೇ ಎಂದು ಕಲ್ಲಿಕೋಟೆಯ ಸಾಮೂದಿರಿ ನಕ್ಕನೆಂಬ ಕತೆ ಕೇರಳದಲ್ಲಿ ಮನೆಮಾತಾಗಿದೆ. ನಮ್ಮ ಆರ್ದ್ರಾ ಮಳೆಯೇ ಅದು, ಜೂನ್ ಕೊನೆಯಲ್ಲಿ ಸುರಿಯುವಂಥದು. ಕತೆಯನ್ನು ನಾವು ಇತಿಹಾಸವೆಂದು ತೆಗೆದುಕೊಳ್ಳುತ್ತಿಲ್ಲ. ಅದರ ಲೆಕ್ಕಾಚಾರವೂ ತಪ್ಪಿತು. ಇಂದು ಜಗತ್ತಿನಲ್ಲಿ ಅತ್ಯಧಿಕ ಕಾಳುಮೆಣಸು ಬೆಳೆಯುವ ನಾಡು ವಿಯೆಟ್ನಾಂ. ಆದರೂ ಕೊಟ್ಟುದೇ ತಪ್ಪೆನ್ನಲು ನಮಗೆ ಮನಸ್ಸಿಲ್ಲ. ಕೋವಿ ಹಿಡಿದು ಬಂದವನು ನೆರೆಯವನಂತೆ ಕೇಳಿ ಒಯ್ಯಲಿಲ್ಲ. ಮರಳಿಸುವ ಹೊಣೆಯಿಲ್ಲದೆ ಒಯ್ಯುವವನಿಗೂ ಬಸಳೆಯ ದಂಟು ಕೇಳುವವಳಿಗೂ ಇರುವ ಅಂತರ ಸಣ್ಣದಲ್ಲ.

ಹಣ ಕೊಟ್ಟು ಕೊಳ್ಳುವುದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಮಿಶ್ರತಳಿಯ ತೆಂಗಿನ ಸಸಿ ಬೇಕಾದರೆ ಯಾರೋ ಮರವೇರಿ ಹಿಂಗಾರಕ್ಕೆ ಕೈಯಾರೆ ಪರಾಗ ಹಾಯಿಸಿರಬೇಕು. ಆ ದುಡಿಮೆಗೆ ಬೆಲೆ ಕೊಡಲೇಬೇಕು. ಪುಕ್ಕಟೆ ಎಂಬ ಕಾರಣಕ್ಕೆ ಎಲ್ಲ ಕೊಡುಗೆಯೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಶಾಲೆಗಳಲ್ಲಿ ನಾವು ವರ್ಷ ವರ್ಷವೂ ಕಂಡುದಿದು: ಪರಿಸರ ದಿನದಂದು ಲಾರಿಯಲ್ಲಿ ಬಂದಿಳಿದ ಸಸಿಗಳನ್ನು ಮಕ್ಕಳು ಉತ್ಸಾಹದಿಂದ ನೆಟ್ಟು ಓಣಂ ರಜೆಯ ಹೊತ್ತಿಗೆ ಮರೆಯುತ್ತಿದ್ದರು. ಅಜ್ಜಿಯ ಮನೆಯಿಂದ ಕಾಗದದಲ್ಲಿ ಸುತ್ತಿ ತಂದ ನಂದಿಬಟ್ಟಲಿನ ಕಡ್ಡಿಗೆ ಮಾತ್ರ ಯಾರೂ ಹೇಳದೆಯೇ ನೀರು ಬೀಳುತ್ತಿತ್ತು. ಅಜ್ಜಿ ಕೇಳುತ್ತಾಳಲ್ಲ!

ಕೇಳಲು ಯಾರೂ ಇಲ್ಲದ ಗಿಡಗಳ ಪ್ರಶ್ನೆ ಇದಕ್ಕಿಂತ ಕಠಿನ. ಹಳೆಯ ಹಲಸಿನ ಮರದಲ್ಲಿ ಮಳೆಗಾಲದ ಮೊದಲಿಗೆ ಸೀತಾಳೆ ದಂಡೆ ಹೂವಿನ ಜಡೆ ಇಳಿಬಿಡುತ್ತದೆ. ಅದನ್ನು ಬೇರುಸಹಿತ ಕಿತ್ತು ಮನೆಯ ಜಗಲಿಗೆ ಕಟ್ಟಿದರೆ ಅಲ್ಲಿ ಎರಡಾಗುವುದಿಲ್ಲ, ಇಲ್ಲಿದ್ದುದು ಅಲ್ಲಿಗೆ ಹೋಗುತ್ತದೆ ಅಷ್ಟೆ. ಅನೇಕ ವೇಳೆ ಅಲ್ಲೂ ಉಳಿಯುವುದಿಲ್ಲ. ಕಾಡಿನದು ಯಾರದೂ ಅಲ್ಲ ಎನ್ನುವವರು ಇಲ್ಲಿ ದಾಸವಾಳದ ವಾದವನ್ನು ಹೂಡುವಂತಿಲ್ಲ.

ಕೊಡುವವರಿಗೂ ಒಂದು ಹೊಣೆಯಿದೆ. ಬಾಳೆಯ ಎಲೆಗಳು ಕಿರಿದಾಗಿ, ಸೆಟೆದು, ತುದಿಯಲ್ಲಿ ಗೊಂಚಲಾಗುವ ರೋಗವನ್ನು ನಾವೆಲ್ಲ ನೋಡಿದ್ದೇವೆ. ಅಂಥ ಬುಡದ ಕಂದು ನೋಟಕ್ಕೆ ಹಸನಾಗಿದ್ದರೂ ಒಳಗೆ ವೈರಸ್ಸನ್ನು ಹೊತ್ತಿರಬಹುದು. ಅಲ್ಲಿಂದ ಹೇನುಗಳು ಅದನ್ನು ಇಡೀ ತೋಟಕ್ಕೆ ಹಬ್ಬಿಸುತ್ತವೆ. ದಾಕ್ಷಿಣ್ಯಕ್ಕೆ ಕೊಟ್ಟ ಒಂದು ಕಂದು ನೆರೆಯವನ ವರ್ಷದ ಬೆಳೆಯನ್ನು ನುಂಗಬಹುದು. ಕೇಳಿ ಬಂದವರಿಗೆ ಅಲ್ಲಿ ಇಲ್ಲವೆನ್ನಬೇಕು, ಕಾರಣವನ್ನೂ ತಿಳಿಸಬೇಕು, ಆ ಬುಡವನ್ನು ಅಂದೇ ಅಗೆದು ನಾಶಮಾಡಬೇಕು. ಆಚೆ ಮನೆಯ ಹಿಂಡು ಚೆನ್ನಾಗಿದ್ದರೆ ಅತ್ತ ದಾರಿ ತೋರಿಸಬಹುದು. ಬರುವಾಗ ನಮಗೂ ಒಂದು ಕಂದು ತನ್ನಿರೆಂದು ಹೇಳಿ ಕಳುಹಿಸಿದರೂ ತಪ್ಪಿಲ್ಲ.